ಹಳೆಯ ಪತ್ರಿಕೆಗಳಲ್ಲಿ ಧರ್ಮ ಮತ್ತು ದಿನಚರ್ಯೆ

ಧರ್ಮಕ್ಕೆ ಎರಡು ಮುಖಗಳುಂಟು. ಒಂದು ಪರ್ವದ ದಿನ ಎಲ್ಲರ ಕಣ್ಣಿಗೆ ಬೀಳುವ ಮುಖ: ರಥೋತ್ಸವ, ಪಂಚಕಲ್ಯಾಣ, ಮಹಾಮಸ್ತಕಾಭಿಷೇಕ. ಇನ್ನೊಂದು ಪ್ರತಿದಿನ ಮನೆಯಲ್ಲಿ, ಅಂಗಡಿಯಲ್ಲಿ, ಗದ್ದೆಯ ಬದಿಯಲ್ಲಿ ಸದ್ದಿಲ್ಲದೆ ನಡೆಯುವ ಆಚರಣೆಯ ಮುಖ: ನೀರನ್ನು ಸೋಸಿ ಬಳಸುವುದು, ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವುದು, ಅಷ್ಟಮಿ ಚತುರ್ದಶಿಗಳಂದು ಉಪವಾಸವಿರುವುದು, ತಕ್ಕಡಿಯನ್ನು ನೇರವಾಗಿ ಹಿಡಿಯುವುದು. ಮೊದಲನೆಯದು ವರ್ಷಕ್ಕೊಮ್ಮೆಯೋ ಹನ್ನೆರಡು ವರ್ಷಕ್ಕೊಮ್ಮೆಯೋ ಬರುವಂಥದು. ಎರಡನೆಯದು ನಿತ್ಯದ್ದು, ಸಮಾಜವನ್ನು ಹಿಡಿದು ನಿಲ್ಲಿಸಿರುವುದು ಇದೇ.

ಇತ್ತೀಚಿನ ವರ್ಷಗಳಲ್ಲಿ ನಮ್ಮ ಜಿಲ್ಲೆಯ ಬಸದಿಗಳಲ್ಲಿ ಜೀರ್ಣೋದ್ಧಾರ ಕಾರ್ಯ ನಡೆದಾಗ ಸ್ಮರಣ ಸಂಚಿಕೆಯೊಂದನ್ನು ಹೊರತರುವ ಪರಿಪಾಠ ಬೆಳೆದಿದೆ. ಅದರಲ್ಲಿ ಬಸದಿಯ ಚರಿತ್ರೆಯನ್ನು ಬರೆಯುವವರು ಶಾಸನಗಳ ಬಳಿಕ ಆಶ್ರಯಿಸುವುದು ಹಳೆಯ ವೃತ್ತಪತ್ರಿಕೆಗಳ ತುಣುಕುಗಳನ್ನು. ಯಾವ ಮನೆತನಕ್ಕೆ ಯಾವ ಮರ್ಯಾದೆ ಸಲ್ಲುತ್ತಿತ್ತು ಎಂಬ ಚರ್ಚೆ ಎದ್ದಾಗಲೂ ಅಂಥದೇ ಒಂದು ತುಣುಕು ಮುಂದೆ ಬರುತ್ತದೆ. ‘ಪೇಪರಿನಲ್ಲೇ ಬಂದಿದೆ’ ಎಂದೊಡನೆ ಮಾತು ಮುಗಿದಂತಾಗುತ್ತದೆ. ಆದುದರಿಂದ ಪತ್ರಿಕೆ ಎಂಬ ಸಾಕ್ಷಿಯ ಬಲವೆಷ್ಟು, ಮಿತಿಯೆಷ್ಟು ಎಂಬುದನ್ನು ಒಮ್ಮೆ ಶಾಂತಚಿತ್ತದಿಂದ ವಿಚಾರಿಸುವುದು ಉಚಿತ. ನಮ್ಮ ಕರಾವಳಿಯ ಪತ್ರಿಕಾ ಚರಿತ್ರೆಯೇ ಇದಕ್ಕೆ ಸಾಕಷ್ಟು ಸಾಮಗ್ರಿಯನ್ನು ಒದಗಿಸುತ್ತದೆ.

ಪತ್ರಿಕೆಗೆ ಮುನ್ನ

ಪತ್ರಿಕೆಗಳು ಹುಟ್ಟುವ ಮೊದಲು ಸಾರ್ವಜನಿಕರಿಗೆ ತಿಳಿಯಬೇಕಾದುದನ್ನು ಕಲ್ಲಿನ ಮೇಲೂ ತಾಮ್ರದ ಮೇಲೂ ಬರೆಸುತ್ತಿದ್ದರು. ಎಲ್ಲೂರಿನ ನೆರೆಯ ಕಾಪುವಿನಲ್ಲಿ ಮದ್ದ ಹೆಗ್ಗಡೆಯು 1556ರಲ್ಲಿ ಧರ್ಮನಾಥ ತೀರ್ಥಂಕರರ ಬಸದಿಗೆ ಮಲ್ಲಾರಿನ ಭೂಮಿಯನ್ನು ದಾನವಾಗಿ ಬಿಟ್ಟ ತಾಮ್ರಶಾಸನ ಪ್ರಸಿದ್ಧವಾಗಿದೆ. ಅದರ ಶಾಪವಾಕ್ಯದ ಭಾಗ ಗಮನಾರ್ಹ. ಈ ದಾನವನ್ನು ಕೆಡಿಸಿದವನು ಜೈನನಾದರೆ ಬೆಳಗೊಳದ ಗೊಮ್ಮಟನಿಗೆ, ವೈಷ್ಣವನಾದರೆ ತಿರುಮಲೆಯ ದೇವರಿಗೆ ಅಪಚಾರವೆಸಗಿದ ಪಾಪಕ್ಕೆ ಗುರಿಯಾಗುವನೆಂದು ಅದು ಹೇಳುತ್ತದೆ. ಶೈವರಿಗೂ ಅವರವರ ಕ್ಷೇತ್ರಗಳ ಹೆಸರಿನಲ್ಲಿ ಇಂಥದೇ ಎಚ್ಚರಿಕೆಯಿದೆ. ಬಸದಿಯ ಭೂಮಿಯ ರಕ್ಷಣೆ ಊರಿನ ಎಲ್ಲ ಮತದವರ ಹೊಣೆಯೆಂದು ಅಂದಿನವರು ತಿಳಿದಿದ್ದರು.

ಕಾರ್ಕಳದ ಚತುರ್ಮುಖ ಬಸದಿಯ 1586ರ ಶಾಸನವು ಇಮ್ಮಡಿ ಭೈರರಸನು ಪೂಜಾದಿ ವಿನಿಯೋಗಗಳಿಗಾಗಿ ತೆಳ್ಳಾರು ಗ್ರಾಮದ 700 ಮುಡಿ ಅಕ್ಕಿಯ ಆದಾಯವನ್ನು ಬಿಟ್ಟುದನ್ನು ದಾಖಲಿಸುತ್ತದೆ. ದೇವರ ನೈವೇದ್ಯವೂ ಪೂಜೆ ಮಾಡುವವರ ಜೀವನವೂ ಆ ಅಕ್ಕಿಯಿಂದಲೇ ಸಾಗಬೇಕಾಗಿತ್ತು. ಶಾಸನದ ಮಾತು ದಾನಿಯ ಮಾತು. ಅಕ್ಕಿಯನ್ನು ಬೆಳೆದವರು, ಹೊತ್ತು ತಂದವರು, ಅಳೆದವರು ಅದರಲ್ಲಿ ಕಾಣಿಸುವುದಿಲ್ಲ. ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡೇ ಪತ್ರಿಕೆಗಳತ್ತ ಹೊರಳಬೇಕು.

ಮಂಗಳೂರ ಸಮಾಚಾರ

ಕನ್ನಡದ ಮೊದಲ ಪತ್ರಿಕೆ ಮಂಗಳೂರಿನಲ್ಲಿ 1843ರ ಜುಲೈ 1ರಂದು ಹೊರಟಿತು. ಹೆಸರು ‘ಮಂಗಳೂರ ಸಮಾಚಾರ’. ಸಂಪಾದಕರು ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿ ಹರ್ಮನ್ ಮೋಗ್ಲಿಂಗ್. ಆ ದಿನವನ್ನೇ ಕರ್ನಾಟಕದಲ್ಲಿ ಪತ್ರಿಕಾ ದಿನವೆಂದು ಆಚರಿಸಲಾಗುತ್ತಿದೆ. ಪತ್ರಿಕೆ ಹದಿನೈದು ದಿನಕ್ಕೊಮ್ಮೆ ಬರುತ್ತಿತ್ತು. ಬೆಲೆ ಒಂದು ದುಡ್ಡು. ಅದು ಅಚ್ಚುಮೊಳೆಗಳನ್ನು ಜೋಡಿಸಿ ಮುದ್ರಿಸಿದ್ದಲ್ಲ, ಕಲ್ಲಚ್ಚಿನದು. ಕೈಯಲ್ಲಿ ಬರೆದ ಅಕ್ಷರಗಳನ್ನು ಕಲ್ಲಿನ ಮೇಲೆ ಮೂಡಿಸಿ ಅದರಿಂದ ಪ್ರತಿಗಳನ್ನು ತೆಗೆಯುತ್ತಿದ್ದ ಕಾರಣ, ಇಂದು ಅದನ್ನು ನೋಡುವವರಿಗೆ ಹಳೆಯ ಕಾಲದ ಬರೆವಣಿಗೆಯನ್ನೇ ನೋಡಿದಂತಾಗುತ್ತದೆ.

ಮೋಗ್ಲಿಂಗರು ಪತ್ರಿಕೆಯನ್ನು ಆರಂಭಿಸಲು ಕೊಟ್ಟ ಕಾರಣವು ನೀತಿಯ ದೃಷ್ಟಿಯಿಂದ ವಿಚಾರಾರ್ಹವಾಗಿದೆ. ಊರಿನ ಜನರು ಸುದ್ದಿ ಕೇಳುವುದರಲ್ಲಿ ಆಸಕ್ತರು. ಕಚೇರಿಯಿಂದ ಹೊರಬಂದವರ ಬಾಯಿಂದ ಕಂಪೆನಿ ಸರಕಾರದ ಆಜ್ಞೆಗಳ ಸುದ್ದಿ ಹರಡುತ್ತದೆ. ಅದರಲ್ಲಿ ನಿಜವೂ ಸುಳ್ಳೂ ಬೆರೆತಿರುತ್ತವೆ. ಇಂದು ನಂಬಿದ್ದು ನಾಳೆ ಸುಳ್ಳಾಗುತ್ತದೆ ಎಂಬುದು ಅವರ ಅಭಿಪ್ರಾಯದ ಸಾರ. ಅಂದಿನ ಮಂಗಳೂರಿಗೆ ವದಂತಿಯ ಶಕ್ತಿ ಹೊಸದಾಗಿರಲಿಲ್ಲ. ಕೇವಲ ಆರು ವರ್ಷಗಳ ಹಿಂದೆ, 1837ರ ಏಪ್ರಿಲ್ ತಿಂಗಳಲ್ಲಿ, ‘ಕಲ್ಯಾಣಪ್ಪನ ಕಾಟಕಾಯಿ’ ಎಂದು ಹೆಸರಾದ ದಂಗೆಯಲ್ಲಿ ರೈತಸೇನೆಯು ಮಂಗಳೂರನ್ನೇ ವಶಪಡಿಸಿಕೊಂಡಿತ್ತು. ಬಳಿಕ ಕಂಪೆನಿಯವರು ಗಲ್ಲಿಗೇರಿಸಿದವರಲ್ಲಿ ನಂದಾವರದ ಜೈನ ಅರಸುಮನೆತನದ ಲಕ್ಷ್ಮಪ್ಪ ಬಂಗರಸನೂ ಒಬ್ಬನು. ಆ ನೆನಪು ಇನ್ನೂ ಆರಿರದ ಊರಿನಲ್ಲಿ ಪತ್ರಿಕೆ ಕಣ್ಣುಬಿಟ್ಟಿತು.

ಊರಿನ ವರ್ತಮಾನ, ಸರಕಾರದ ನಿರೂಪಗಳು, ಪರದೇಶಗಳ ಸುದ್ದಿ, ನೀತಿಯ ಮಾತುಗಳು, ಕಥೆಗಳು ಅದರ ಅಂಕಣಗಳಾಗಿದ್ದವು. ಓದುಗರು ಬರೆದು ಕಳುಹಿಸುವ ಸಂಗತಿಗಳಿಗೂ ಅವಕಾಶವಿತ್ತು. ಪತ್ರಿಕೆಯ ಒಡೆತನ ಕ್ರೈಸ್ತ ಮಿಷನ್ನಿನದು. ಮತಪ್ರಚಾರವೇ ಮಿಷನ್ನಿನ ಮೂಲ ಉದ್ದೇಶ. ಹಾಗಿದ್ದೂ ಸುಳ್ಳು ಸುದ್ದಿಯಿಂದ ಜನರನ್ನು ಬಿಡಿಸಬೇಕೆಂಬ ಹಂಬಲ ಪ್ರಾಮಾಣಿಕವಾದುದು. ಈ ಎರಡು ಮಾತುಗಳೂ ಏಕಕಾಲದಲ್ಲಿ ಸತ್ಯ. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಏಕಾಂತವಾಗುತ್ತದೆ.

ಪತ್ರಿಕೆಯ ಆಯುಷ್ಯ ಮಂಗಳೂರಿನಲ್ಲಿ ಎಂಟು ತಿಂಗಳು ಮಾತ್ರ. 1844ರಲ್ಲಿ ಅದು ಬಳ್ಳಾರಿಗೆ ಸ್ಥಳಾಂತರಗೊಂಡು ‘ಕನ್ನಡ ಸಮಾಚಾರ’ ಎಂಬ ಹೆಸರನ್ನು ತಾಳಿತು. ಆ ಕಾಲದಲ್ಲಿ ಮಂಗಳೂರಿನಿಂದ ಎಲ್ಲೂರಿನ ಕಡೆಗೆ ಬರುವವನು ಗುರುಪುರ, ಪಾವಂಜೆ, ಮೂಲ್ಕಿ ಹೊಳೆಗಳನ್ನು ದಾಟಬೇಕಾಗಿತ್ತು. ಪತ್ರಿಕೆಯ ಹೆಸರಿನಲ್ಲಿ ನಗರವಿತ್ತು. ಅದರ ಕಣ್ಣಿಗೆ ಹತ್ತಿರವಾಗಿದ್ದುದು ನಗರದ ಕಚೇರಿ, ಬಂದರು, ಪೇಟೆ. ಹೊಳೆಗಳಾಚೆಯ ಗ್ರಾಮಗಳ ನಿತ್ಯಜೀವನವನ್ನು ಅಂಥ ಪುಟ್ಟ ಪತ್ರಿಕೆಯಿಂದ ನಿರೀಕ್ಷಿಸುವುದು ನ್ಯಾಯವಲ್ಲ.

ಪರಧರ್ಮೀಯರು ಕಂಡ ಅಭಿಷೇಕ

ಹೊರಗಿನವರ ಕಣ್ಣಿಗೆ ನಮ್ಮ ಧರ್ಮ ಹೇಗೆ ಕಂಡಿತೆಂಬುದಕ್ಕೆ ಘಟ್ಟದ ಮೇಲಿನ ಒಂದು ಉದಾಹರಣೆ ದೊರೆಯುತ್ತದೆ. 1887ರ ಮಾರ್ಚ್ 14ರಂದು ಶ್ರವಣಬೆಳಗೊಳದಲ್ಲಿ, ಕೊಲ್ಹಾಪುರದ ಭಟ್ಟಾರಕರ ನೇತೃತ್ವದಲ್ಲಿ, ಗೊಮ್ಮಟೇಶ್ವರನಿಗೆ ಮಹಾಮಸ್ತಕಾಭಿಷೇಕ ನಡೆಯಿತು. ವೆಸ್ಲಿಯನ್ ಮಿಷನ್ನಿನವರ ಇಂಗ್ಲಿಷ್ ಪತ್ರಿಕೆ ‘ಹಾರ್ವೆಸ್ಟ್ ಫೀಲ್ಡ್’ ಅದೇ ವರ್ಷದ ಮೇ ತಿಂಗಳ ಸಂಚಿಕೆಯಲ್ಲಿ ಅದರ ವರದಿಯನ್ನು ಪ್ರಕಟಿಸಿತು. ಬಳಿಕದ ವಿದ್ವಾಂಸರು ಅದನ್ನು ಮತ್ತೆ ಮತ್ತೆ ಉದ್ಧರಿಸಿದ್ದಾರೆ.

ವರದಿಗಾರರು ಎಣಿಕೆಯಲ್ಲಿ ನಿಪುಣರು. ವಿಗ್ರಹದ ಮುಂದೆ ಭತ್ತವನ್ನು ಹರಡಿ ಅದರ ಮೇಲೆ 1,000 ಬಣ್ಣದ ಮಣ್ಣಿನ ಕಲಶಗಳನ್ನು ಇರಿಸಿದ್ದು, ಅವುಗಳಿಗೆ ತೆಂಗಿನಕಾಯಿ ಮಾವಿನೆಲೆಗಳ ಅಲಂಕಾರ ಮಾಡಿದ್ದು ಅವರ ಕಣ್ಣಿಗೆ ಬಿದ್ದಿದೆ. ಅಭಿಷೇಕಕ್ಕೆ ಬಳಸಿದ 15 ದ್ರವ್ಯಗಳ ಪಟ್ಟಿಯೂ ಇದೆ: ನೀರು, ಬಾಳೆಹಣ್ಣು, ಬೆಲ್ಲ, ತುಪ್ಪ, ಸಕ್ಕರೆ, ಬಾದಾಮಿ, ಖರ್ಜೂರ, ಗಸಗಸೆ, ಹಾಲು, ಮೊಸರು, ಗಂಧ ಮುಂತಾದವು, ಕೊನೆಗೆ ಚಿನ್ನದ ಹೂ, ಬೆಳ್ಳಿಯ ಹೂ ಮತ್ತು 500 ರೂಪಾಯಿಗಳ ಬೆಳ್ಳಿನಾಣ್ಯ. ಜನಸಮೂಹದ ಜಯಘೋಷವನ್ನೂ ಅವರು ಬಿಟ್ಟಿಲ್ಲ.

ನಮ್ಮ ಧರ್ಮವನ್ನು ಒಪ್ಪದವರು ಬರೆದ ಈ ವರದಿ ನಮಗೆ ಇಂದು ಅಮೂಲ್ಯವಾದುದು. ಅದಕ್ಕಾಗಿ ಕೃತಜ್ಞರಾಗಿರುವುದು ನಮ್ಮ ಕರ್ತವ್ಯ. ಆದರೆ ಅದರ ಮಿತಿಯನ್ನೂ ಅರಿಯಬೇಕು. ಎಣಿಸಬಹುದಾದುದನ್ನು ಅವರು ಎಣಿಸಿದರು. ಒಬ್ಬ ಶ್ರಾವಿಕೆ ಎಷ್ಟು ದಿನಗಳ ಏಕಭುಕ್ತವನ್ನು ಮುಗಿಸಿ ಬೆಟ್ಟ ಹತ್ತಿದಳು, ಇಳಿದ ಮೇಲೆ ಯಾವ ನೋಂಪಿಯನ್ನು ಸ್ವೀಕರಿಸಿದಳು ಎಂಬುದು ಬೆಟ್ಟದ ಮೇಲೆ ನಿಂತು ನೋಡುವವನ ಎಣಿಕೆಗೆ ಸಿಗುವಂಥದಲ್ಲ. ಅಭಿಷೇಕದ ಸಾರ್ಥಕತೆ ನಿಂತಿರುವುದು ಮಾತ್ರ ಆಕೆಯ ನೋಂಪಿಯಲ್ಲಿ.

ನಮ್ಮವರ ಮೌನ

ನಮ್ಮ ದಿನಚರ್ಯೆ ಆ ಕಾಲದ ಪತ್ರಿಕೆಗಳಲ್ಲಿ ವಿರಳವಾಗಿರಲು ನಮ್ಮವರ ಸಂಕೋಚವೂ ಒಂದು ಕಾರಣ. ಶಾಸ್ತ್ರಗ್ರಂಥಗಳನ್ನು ಅಚ್ಚು ಹಾಕಿಸುವುದು ಅವಿನಯವೆಂದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ದೇಶದ ಅನೇಕ ಕಡೆ ಜೈನರೇ ವಿರೋಧಿಸಿದ್ದರು. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ತಾಳೆಗರಿಗಳಲ್ಲಿ ಸುರಕ್ಷಿತವಾಗಿದ್ದ ಧವಲಾ ಟೀಕೆಯ ಮೊದಲ ಸಂಪುಟ ಅಚ್ಚಾಗಿ ಹೊರಬಂದುದು 1939ರಲ್ಲಿ. ಕಾಪಾಡಬೇಕೆಂಬ ಭಕ್ತಿಯೇ ಗ್ರಂಥವನ್ನು ಉಳಿಸಿತು. ಅದೇ ಭಕ್ತಿ ಅದನ್ನು ಬಹುಕಾಲ ಓದುಗರಿಂದ ದೂರವೂ ಇರಿಸಿತು.

ಈ ನಡುವೆ ಅಚ್ಚಿನ ಉಪಯೋಗವನ್ನು ಅರಿತವರೂ ಇದ್ದರು. ಜೈನ ವೈಯಾಕರಣ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಪಾದ್ರಿ ಕಿಟ್ಟೆಲ್ಲರು ಸಂಪಾದಿಸಿ 1872ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದಲೇ ಪ್ರಕಟಿಸಿದರು. 1893ರಲ್ಲಿ ಪದ್ಮರಾಜ ಪಂಡಿತರು ‘ಕಾವ್ಯಾಂಬುಧಿ’ ಎಂಬ ಮಾಸಪತ್ರಿಕೆಯನ್ನು ಆರಂಭಿಸಿ ಹಳಗನ್ನಡದ ಜೈನ ಕೃತಿಗಳನ್ನು ಬೆಳಕಿಗೆ ತಂದರು. ಕಾವ್ಯವೂ ಶಾಸ್ತ್ರವೂ ಹೀಗೆ ಕ್ರಮೇಣ ಅಚ್ಚಿಗೆ ಬಂದವು. ಮನೆಯ ಆಚಾರವನ್ನು ಮಾತ್ರ ಯಾರೂ ಬರೆಯಲಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಬರೆಯುವುದೇಕೆ ಎಂದು ಪ್ರತಿಯೊಂದು ತಲೆಮಾರೂ ಎಣಿಸುತ್ತದೆ. ಎರಡು ತಲೆಮಾರು ಕಳೆದ ಮೇಲೆ ಅದು ಯಾರಿಗೂ ಗೊತ್ತಿರುವುದಿಲ್ಲ.

ಸಣ್ಣ ಅಂಕಣಗಳ ಮಹತ್ತ್ವ

ಇಪ್ಪತ್ತನೆಯ ಶತಮಾನದಲ್ಲಿ ಪರಿಸ್ಥಿತಿ ಬದಲಾಯಿತು. ಮಂಗಳೂರಿನಲ್ಲಿ 1907ರಲ್ಲಿ ‘ಸ್ವದೇಶಾಭಿಮಾನಿ’, 1941ರಲ್ಲಿ ‘ನವಭಾರತ’, ಮಣಿಪಾಲದಲ್ಲಿ 1970ರಲ್ಲಿ ‘ಉದಯವಾಣಿ’ ಪ್ರಾರಂಭವಾದವು. 1997ರ ಆಗಸ್ಟ್ 25ರಂದು ಉಡುಪಿ ಪ್ರತ್ಯೇಕ ಜಿಲ್ಲೆಯಾಗುವ ತನಕ ಕಾಪು ಕಾರ್ಕಳಗಳ ನಮಗೆಲ್ಲ ಮಂಗಳೂರೇ ಜಿಲ್ಲಾಕೇಂದ್ರವಾಗಿದ್ದುದರಿಂದ ನಮ್ಮ ಚರಿತ್ರೆಯ ಹೆಚ್ಚಿನ ಭಾಗ ಆ ನಗರದ ಪತ್ರಿಕೆಗಳಲ್ಲಿಯೇ ಹುದುಗಿದೆ.

ಇವುಗಳನ್ನು ಓದುವಾಗ ದೊಡ್ಡ ಅಕ್ಷರದ ಸುದ್ದಿಗಿಂತ ಸಣ್ಣ ಅಕ್ಷರದ ಅಂಕಣಗಳು ಹೆಚ್ಚು ಹೇಳುತ್ತವೆ. ಇಂದು ಯಾವ ಮೇಳದ ಆಟ ಎಲ್ಲಿ ಎಂಬ ಯಕ್ಷಗಾನದ ಪಟ್ಟಿ, ನೇಮ ಕಂಬಳಗಳ ಪ್ರಕಟಣೆ, ಅಡಿಕೆ ತೆಂಗಿನಕಾಯಿಗಳ ಧಾರಣೆ, ಶ್ರದ್ಧಾಂಜಲಿ, ನ್ಯಾಯಾಲಯದ ನೋಟೀಸು ಇವೆಲ್ಲ ಚರಿತ್ರೆಗಾಗಿ ಬರೆದವುಗಳಲ್ಲ. ಆದುದರಿಂದಲೇ ಅವುಗಳಲ್ಲಿ ಕೃತ್ರಿಮ ಕಡಿಮೆ. ಹರಕೆಯ ಆಟವೊಂದರ ಎರಡು ಸಾಲಿನ ಪ್ರಕಟಣೆಯಿಂದ ಆ ಮನೆಯಲ್ಲಿ ಒಂದು ಕಷ್ಟ ಬಂದು ಕಳೆದಿತ್ತೆಂದು ತಿಳಿಯುತ್ತದೆ. ಜೈನರ ಗುತ್ತು ಬೀಡುಗಳಲ್ಲಿ ನಡೆಯುವ ನೇಮ ಕಂಬಳಗಳಿಂದ ಬಸದಿಯ ಧರ್ಮವೂ ತುಳುನಾಡಿನ ಊರಧರ್ಮವೂ ಒಂದೇ ಅಂಗಳದಲ್ಲಿ ಬಾಳಿದವೆಂಬುದು ಸ್ಪಷ್ಟವಾಗುತ್ತದೆ.

ಧಾರಣೆಯ ಅಂಕಣದ ಒಂದು ಉಪಯೋಗವನ್ನು ಇಲ್ಲಿ ಹೇಳಬೇಕು. ಬಸದಿಯ ಹಳೆಯ ಲೆಕ್ಕದ ಪುಸ್ತಕದಲ್ಲಿ ನಂದಾದೀಪಕ್ಕೆ ಇಷ್ಟು ಸೇರು ಎಣ್ಣೆ, ನೈವೇದ್ಯಕ್ಕೆ ಇಷ್ಟು ಅಕ್ಕಿ ಎಂದಿರುತ್ತದೆ. ಅನೇಕ ವೇಳೆ ಬೆಲೆ ಇರುವುದಿಲ್ಲ, ಏಕೆಂದರೆ ಅಕ್ಕಿ ಗೇಣಿಯಿಂದಲೇ ಬರುತ್ತಿತ್ತು. ಅದೇ ವರ್ಷದ ಪತ್ರಿಕೆಯ ಧಾರಣೆಯನ್ನು ಅದರ ಪಕ್ಕದಲ್ಲಿ ಇಟ್ಟರೆ ಆ ದೀಪ ಉರಿಯಲು ಊರು ಹೊತ್ತ ಭಾರವೆಷ್ಟೆಂಬುದು ರೂಪಾಯಿ ಆಣೆಗಳಲ್ಲಿ ತಿಳಿಯುತ್ತದೆ. 1957ರ ಏಪ್ರಿಲ್ 1ರಂದು ನಯಾಪೈಸೆ ಬಂದ ಮೇಲಿನ ಲೆಕ್ಕಕ್ಕೂ ಹಿಂದಿನ ಲೆಕ್ಕಕ್ಕೂ ಹೋಲಿಕೆ ಮಾಡುವಾಗ 16 ಆಣೆಗೆ 100 ಪೈಸೆ ಎಂಬುದನ್ನು ಮರೆಯಬಾರದು. ಲೆಕ್ಕದ ಪುಸ್ತಕ ಮತ್ತು ಪತ್ರಿಕೆ ಒಂದಕ್ಕೊಂದು ಪೂರಕ. ಒಂದರಲ್ಲಿ ಪ್ರಮಾಣವಿದೆ, ಇನ್ನೊಂದರಲ್ಲಿ ಬೆಲೆಯಿದೆ.

1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯ ಕಾಲವನ್ನು ಈ ರೀತಿ ಅಭ್ಯಸಿಸಿದರೆ ಹೆಚ್ಚಿನ ಪ್ರಯೋಜನವಿದೆ. ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಸಲ್ಲಿಸಿ ಉಳುವ ಭೂಮಿಗೆ ಒಡೆಯರಾದರು. ತಲೆತಲಾಂತರದಿಂದ ಉತ್ತವರಿಗೆ ಅದು ನ್ಯಾಯವಾಗಿ ಬಂದ ಹಕ್ಕು. ಅದೇ ವೇಳೆ ಗೇಣಿಯ ಅಕ್ಕಿಯನ್ನೇ ನಂಬಿದ್ದ ಅನೇಕ ಬಸದಿ ದೇವಸ್ಥಾನಗಳಲ್ಲಿ ನಿತ್ಯಪೂಜೆಗೆ ತೊಡಕಾಯಿತು. ದೊಡ್ಡ ಸುದ್ದಿಯಾದುದು ಕಾನೂನು. ಅನಂತರವೂ ಮುಂಜಾನೆ ಬಾಗಿಲು ತೆರೆದು, ಮನೆಯಿಂದ ತಂದ ಎಣ್ಣೆಯಲ್ಲಿ ದೀಪ ಹಚ್ಚುತ್ತ ಬಂದ ಪುರೋಹಿತರ ಮತ್ತು ಗೃಹಿಣಿಯರ ಹೆಸರು ಸುದ್ದಿಯಾಗಲಿಲ್ಲ. ನಮ್ಮ ಸ್ಮರಣ ಸಂಚಿಕೆಗಳಲ್ಲಿಯೂ ಅವರಿಗೆ ಸ್ಥಾನ ದೊರೆತಿಲ್ಲ.

ಸಾಕ್ಷಿಯನ್ನು ಪರಿಶೀಲಿಸುವ ಕ್ರಮ

ವ್ಯಾಪಾರಿಗೆ ಲೆಕ್ಕದ ನೀತಿ ತಿಳಿದಿದೆ. ದಿನದ ಲೆಕ್ಕದಲ್ಲಿ ಒಂದು ಬಾಬು ಬರೆದಿದೆಯೆಂದ ಮಾತ್ರಕ್ಕೆ ಅದು ಸಿದ್ಧವಾಗುವುದಿಲ್ಲ. ಅದಕ್ಕೆ ರಶೀದಿ ಬೇಕು, ತಾರೀಕು ಬೇಕು, ಎದುರು ಪಕ್ಷದವರ ಪುಸ್ತಕದಲ್ಲಿಯೂ ಅದು ತಾಳೆಯಾಗಬೇಕು. ಪತ್ರಿಕೆಯ ತುಣುಕಿಗೂ ಇದೇ ನಿಯಮವನ್ನು ಅನ್ವಯಿಸುವುದು ಯೋಗ್ಯ. ಯಾವ ಪತ್ರಿಕೆ, ಯಾವ ತಾರೀಕು, ಸುದ್ದಿಯನ್ನು ಕಳುಹಿಸಿದವರು ಯಾರು, ಮರುವಾರ ಅದಕ್ಕೆ ತಿದ್ದುಪಡಿ ಬಂದಿತ್ತೇ ಎಂದು ನೋಡಬೇಕು. ಒಂದು ವರ್ಷ ಒಂದು ಮನೆತನದವರು ಧ್ವಜಾರೋಹಣ ಮಾಡಿದರೆಂಬ ವರದಿಯಿಂದ ಆ ವರ್ಷದ ಸಂಗತಿ ಮಾತ್ರ ಸಿದ್ಧವಾಗುತ್ತದೆ. ಎಲ್ಲ ವರ್ಷಗಳ ಹಕ್ಕು ಸಿದ್ಧವಾಗುವುದಿಲ್ಲ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳನ್ನು ಹೇಳಿದೆ. ಅವುಗಳಲ್ಲಿ ಎರಡು ಈ ಸಂದರ್ಭಕ್ಕೆ ನೇರವಾಗಿ ಸಂಬಂಧಿಸಿವೆ. ಒಂದು ಕೂಟಲೇಖಕ್ರಿಯೆ, ಅಂದರೆ ಮೋಸದ ಬರೆಹ. ತಾರೀಕನ್ನು ಕತ್ತರಿಸಿ ತೆಗೆದು, ಬೇಕಾದ ಸಾಲನ್ನು ಉಳಿಸಿ ಬೇಡವಾದುದನ್ನು ಮರೆಮಾಡಿ ತುಣುಕನ್ನು ಮುದ್ರಿಸುವುದು ಈ ದೋಷದ ಹತ್ತಿರಕ್ಕೆ ಬರುತ್ತದೆ. ಅಕ್ಷರ ಒಂದೂ ಸುಳ್ಳಲ್ಲದಿದ್ದರೂ ಓದುವವನಲ್ಲಿ ಸುಳ್ಳಿನ ತಿಳಿವಳಿಕೆ ಹುಟ್ಟಿದರೆ ವ್ರತಕ್ಕೆ ಕಲೆ ತಗಲಿದಂತೆಯೇ. ಇನ್ನೊಂದು ನ್ಯಾಸಾಪಹಾರ, ಅಂದರೆ ನಂಬಿ ಇರಿಸಿದುದನ್ನು ಇಲ್ಲವಾಗಿಸುವುದು. ಹಿರಿಯರು ಬಸದಿಯ ಪೆಟ್ಟಿಗೆಯಲ್ಲಿ ಬಿಟ್ಟುಹೋದ ಕಡತ, ಲೆಕ್ಕದ ಪುಸ್ತಕ, ಪತ್ರಿಕೆಗಳ ಕಟ್ಟು ಮುಂದಿನವರಿಗಾಗಿ ಇರಿಸಿದ ನ್ಯಾಸವೇ ಸರಿ. ಇಂದಿನ ಟ್ರಸ್ಟು ಅದರ ಒಡೆಯನಲ್ಲ, ಕಾವಲುಗಾರ.

ಈ ಕಾವಲು ಅನೇಕ ಕಡೆ ಸಡಿಲವಾಗಿದೆ. ಹಳೆಯ ಪತ್ರಿಕೆಗಳು ರದ್ದಿಯ ತೂಕಕ್ಕೆ ಮಾರಾಟವಾಗಿ ಪೇಟೆಯ ಅಂಗಡಿಗಳಲ್ಲಿ ಪೊಟ್ಟಣಗಳಾದುದನ್ನು ಹಿರಿಯರೆಲ್ಲ ಬಲ್ಲರು. ಉಳಿದವುಗಳನ್ನು ಗೆದ್ದಲು ಮತ್ತು ಮಳೆಗಾಲದ ತೇವ ಮುಗಿಸುತ್ತವೆ. ಕರಾವಳಿಯ ಹವೆ ಕಾಗದಕ್ಕೆ ವೈರಿ. ಡಾ. ಶ್ರೀನಿವಾಸ ಹಾವನೂರರು 1974ರಲ್ಲಿ ‘ಹೊಸಗನ್ನಡದ ಅರುಣೋದಯ’ವನ್ನು ಪ್ರಕಟಿಸಿ ಮಿಷನರಿಗಳ ಕಾಲದ ಕನ್ನಡ ಪತ್ರಿಕೆ ಪುಸ್ತಕಗಳ ಚರಿತ್ರೆಯನ್ನು ಕಟ್ಟಿಕೊಟ್ಟರು. ಮಿಷನ್ನಿನವರು ತಮ್ಮ ಕಾಗದಗಳನ್ನು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಜೋಪಾನವಾಗಿ ಇರಿಸಿದ್ದಾರೆ. ತಮ್ಮ ದಾಖಲೆಗಳನ್ನು ಅವರು ಕಾಪಾಡಿದ ಶ್ರದ್ಧೆ ನಮ್ಮ ದಾಖಲೆಗಳ ವಿಷಯದಲ್ಲಿ ನಮಗೂ ಇರಬೇಕು.

ಟ್ರಸ್ಟುಗಳು ಕೈಗೊಳ್ಳಬಹುದಾದ ಕಾರ್ಯ ಕಷ್ಟದ್ದೂ ಅಲ್ಲ, ಹೆಚ್ಚು ಖರ್ಚಿನದೂ ಅಲ್ಲ. ಬಸದಿಯಲ್ಲಿಯೂ ಮನೆಗಳಲ್ಲಿಯೂ ಇರುವ ಹಳೆಯ ಪತ್ರಿಕೆ, ಆಮಂತ್ರಣ ಪತ್ರಿಕೆ, ಲೆಕ್ಕದ ಪುಸ್ತಕಗಳ ಒಂದು ಪಟ್ಟಿಯನ್ನು ಮೊದಲು ಮಾಡಬೇಕು. ಒಣಗಿದ ದಿನಗಳಲ್ಲಿ, ಅಂದರೆ ದೀಪಾವಳಿಯ ಬಳಿಕ, ಪ್ರತಿಯೊಂದು ಪುಟದ ಛಾಯಾಚಿತ್ರವನ್ನು ತಾರೀಕು ಕಾಣುವಂತೆ ತೆಗೆದಿಡಬೇಕು. ಇಂದು ಯುವಕರ ಕೈಯಲ್ಲಿರುವ ಮೊಬೈಲಿನಿಂದಲೇ ಇದು ಸಾಧ್ಯ. ಜೊತೆಗೆ ಎಪ್ಪತ್ತು ದಾಟಿದ ಶ್ರಾವಿಕೆಯರನ್ನು ಕುಳ್ಳಿರಿಸಿ, ಅವರ ಬಾಲ್ಯದಲ್ಲಿ ನೋಂಪಿ ಹೇಗೆ ನಡೆಯುತ್ತಿತ್ತು, ಚಾತುರ್ಮಾಸದಲ್ಲಿ ಏನನ್ನು ಬಿಡುತ್ತಿದ್ದರು, ಗೇಣಿ ನಿಂತ ವರ್ಷ ದೀಪದ ಎಣ್ಣೆ ಎಲ್ಲಿಂದ ಬಂತು ಎಂದು ಕೇಳಿ ಬರೆದುಕೊಳ್ಳಬೇಕು. ಪತ್ರಿಕೆಗಳು ಬರೆಯದೆ ಬಿಟ್ಟ ಪುಟ ಇದೇ. ಇದನ್ನು ಓದಿ ಹೇಳಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.

ಮೋಗ್ಲಿಂಗರು 1843ರಲ್ಲಿ ಕಂಡ ವದಂತಿಯ ರೋಗ ಇಂದು ಬೆರಳ ತುದಿಯಿಂದ ಕ್ಷಣಮಾತ್ರದಲ್ಲಿ ಹರಡುತ್ತದೆ. ಇಂದಿನ ಪ್ರಕಟಣೆಗಳು ನಾಳಿನವರಿಗೆ ಹಳೆಯ ಪತ್ರಿಕೆಗಳಾಗಲಿವೆ. ಉತ್ಸವದ ವರದಿಯನ್ನು ಕಳುಹಿಸುವ ಟ್ರಸ್ಟಿನ ಕಾರ್ಯದರ್ಶಿಯು ವೇದಿಕೆಯ ಮೇಲಿದ್ದವರ ಹೆಸರಿನ ಕೆಳಗೆ ಅಡುಗೆಯವರ, ವಾದ್ಯದವರ, ದೀಪ ಹಚ್ಚಿದವರ ಹೆಸರನ್ನೂ ಒಂದು ಸಾಲಿನಲ್ಲಿ ಬರೆದರೆ, ಬಂದ ಜನರ ಸಂಖ್ಯೆಯನ್ನು ಇದ್ದಷ್ಟೇ ಹೇಳಿದರೆ, ಸತ್ಯಾಣುವ್ರತದ ಪಾಲನೆ ಅಷ್ಟರ ಮಟ್ಟಿಗೆ ಆದಂತಾಗುತ್ತದೆ. ಮುಂದೆ ಅದನ್ನು ಓದುವವರಿಗೆ ಈ ಕಾಲದ ಉತ್ಸವವೂ ತಿಳಿಯುತ್ತದೆ, ದಿನಚರ್ಯೆಯೂ ತಿಳಿಯುತ್ತದೆ.